ಕ್ಯಾಂಪಿಂಗ್‌ಗೆ ಮಕ್ಕಳು ತಮ್ಮ ಬ್ಯಾಗು ತಾವೇ ತುಂಬಿಕೊಳ್ಳಲು ಕಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಂಪಿಂಗ್‌ಗೆ ಹೊರಡುವ ಹಿಂದಿನ ರಾತ್ರಿ ಬಹಳಷ್ಟು ಮನೆಗಳಲ್ಲಿ ಮಕ್ಕಳು ಮಲಗಿರುತ್ತಾರೆ, ತಾಯಿಯೋ ತಂದೆಯೋ ನೆಲದ ಮೇಲೆ ಕುಳಿತು ಮೂರು ನಾಲ್ಕು ಬ್ಯಾಗುಗಳನ್ನು ಒಬ್ಬರೇ ತುಂಬುತ್ತಿರುತ್ತಾರೆ. ಮಾರನೆಯ ದಿನ ಕತ್ತಲಾಗುತ್ತಿದ್ದಂತೆ ಟೆಂಟಿನೊಳಗಿಂದ ‘ನನ್ನ ಟಾರ್ಚ್ ಎಲ್ಲಿ?’, ‘ನನ್ನ ಸ್ವೆಟರ್ ಎಲ್ಲಿ?’ ಎಂಬ ಕೂಗು ಏಳುವುದು ಇದೇ ಕಾರಣಕ್ಕೆ. ಇಟ್ಟವರಿಗಷ್ಟೇ ಇಟ್ಟ ಜಾಗ ಗೊತ್ತಿರುತ್ತದೆ. ಒಡಹುಟ್ಟಿದ ಮಕ್ಕಳಿಗೆ ಈ ಕೆಲಸವನ್ನು ವಹಿಸಿಕೊಡಲು ಹೊರಟ ಪೋಷಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಯಾವ ವಯಸ್ಸಿನಿಂದ ಕಲಿಸಲು ಆರಂಭಿಸಬಹುದು?

ನಾಲ್ಕೈದು ವರ್ಷದ ಮಗು ಬ್ಯಾಗು ತುಂಬಲಾರದು. ಆದರೆ ಎರಡು ಅಂಗಿಗಳಲ್ಲಿ ಒಂದನ್ನು ಆರಿಸಬಲ್ಲದು, ನೀವು ಕೈಗೆ ಕೊಟ್ಟದ್ದನ್ನು ಒಳಗಿಡಬಲ್ಲದು. ಆರೇಳು ವರ್ಷಕ್ಕೆ ಚಿತ್ರ ಬರೆದ ಪಟ್ಟಿಯೊಂದನ್ನು ಕೊಟ್ಟರೆ ಅದರಲ್ಲಿರುವ ವಸ್ತುಗಳನ್ನು ಮನೆಯೆಲ್ಲಾ ಹುಡುಕಿ ತಂದು ಒಂದೆಡೆ ಗುಡ್ಡೆ ಹಾಕುತ್ತದೆ. ಒಂಬತ್ತು ಹತ್ತರ ಹೊತ್ತಿಗೆ ಬರೆದ ಪಟ್ಟಿಯನ್ನು ಓದಿಕೊಂಡು ಪೂರ್ತಿ ಬ್ಯಾಗನ್ನು ತುಂಬಬಲ್ಲದು, ಹನ್ನೆರಡು ದಾಟಿದ ಮೇಲೆ ಹವಾಮಾನ ಮುನ್ಸೂಚನೆಯನ್ನು ನೋಡಿ ಪಟ್ಟಿಯನ್ನೇ ತಾನು ತಯಾರಿಸಬಲ್ಲದು. ಇವು ಗೆರೆ ಕೊರೆದ ಗಡಿಗಳಲ್ಲ. ಶಾಲೆಯ ಚೀಲವನ್ನು ಯಾರೂ ಹೇಳದೆ ಜೋಡಿಸಿಕೊಳ್ಳುವ ಎಂಟು ವರ್ಷದ ತಂಗಿ, ಹನ್ನೊಂದು ವರ್ಷದ ಅಣ್ಣನಿಗಿಂತ ಮೊದಲೇ ಸಿದ್ಧಳಾಗಿರುವುದು ಅಪರೂಪವೇನಲ್ಲ.

ಮಗುವಿನ ಬ್ಯಾಗು ಎಷ್ಟು ತೂಕ ಇರಬಹುದು?

ಖಾಲಿ ಬ್ಯಾಗನ್ನೂ ಸೇರಿಸಿ ಮಗುವಿನ ದೇಹತೂಕದ ಶೇಕಡಾ 10ರಿಂದ 15ರೊಳಗೆ ಇರಲಿ ಎಂಬುದು ಸಾಮಾನ್ಯವಾಗಿ ಪಾಲಿಸುವ ಅಳತೆ. ಚಿಕ್ಕ ಮಕ್ಕಳಿಗೆ ಮತ್ತು ನಡೆದು ರೂಢಿಯಿಲ್ಲದವರಿಗೆ 10ರ ಕಡೆಗೇ ವಾಲುವುದು ಲೇಸು. 20 ಕಿಲೋ ತೂಗುವ ಮಗುವಿಗೆ ಇದು 2 ಕಿಲೋ ಆಯಿತು, 30 ಕಿಲೋ ತೂಗುವ ಮಗುವಿಗೆ 3ರಿಂದ ನಾಲ್ಕೂವರೆ ಕಿಲೋ. ಕೇಳಲು ಪರವಾಗಿಲ್ಲ ಎನಿಸುತ್ತದೆ. ಆದರೆ ಒಂದು ಲೀಟರ್ ನೀರೇ ಒಂದು ಕಿಲೋ, ಬಾಟಲಿಯ ತೂಕ ಬೇರೆ. ಖಾಲಿ ಬ್ಯಾಗು ಅರ್ಧ ಕಿಲೋ ಇದ್ದರೆ 20 ಕಿಲೋದ ಮಗುವಿಗೆ ಬಟ್ಟೆಬರೆಗೆ ಉಳಿಯುವುದು ಅರ್ಧ ಕಿಲೋಗಿಂತ ಕಡಿಮೆ. ಆದ್ದರಿಂದ ತೀರ ಚಿಕ್ಕವರ ಸ್ಲೀಪಿಂಗ್ ಬ್ಯಾಗನ್ನು ದೊಡ್ಡವರೇ ಹೊರಬೇಕಾಗುತ್ತದೆ, ನೀರನ್ನೂ ಅರ್ಧ ಲೀಟರಿಗೆ ಇಳಿಸಬೇಕಾಗುತ್ತದೆ.

ಈ ಲೆಕ್ಕವನ್ನು ನೀವು ಮಾಡಿ ಹೇಳುವುದಕ್ಕಿಂತ ಮಕ್ಕಳಿಂದಲೇ ಮಾಡಿಸಿದರೆ ಹೆಚ್ಚು ಫಲ ಸಿಗುತ್ತದೆ. ತೂಕದ ಯಂತ್ರದ ಮೇಲೆ ಮೊದಲು ಬರಿಗೈಯಲ್ಲಿ ನಿಲ್ಲಿಸಿ, ಆಮೇಲೆ ಬ್ಯಾಗು ಹೊರಿಸಿ ನಿಲ್ಲಿಸಿ, ವ್ಯತ್ಯಾಸವನ್ನು ಅವರೇ ಕಳೆದು ನೋಡಲಿ. ಸಂಖ್ಯೆ ಮಿತಿ ದಾಟಿದಾಗ ಏನನ್ನು ತೆಗೆಯಬೇಕು ಎಂಬ ತೀರ್ಮಾನವೂ ಅವರದೇ. ಅಪ್ಪ ‘ಆ ದಪ್ಪ ಪುಸ್ತಕ ಬೇಡ’ ಎಂದರೆ ಅದು ಜಗಳ. ಯಂತ್ರ ಹೇಳಿದರೆ ಅದು ಬರೀ ಗಣಿತ.

ತೂಕದಷ್ಟೇ ಬ್ಯಾಗಿನ ಅಳತೆಯೂ ಮುಖ್ಯ. ಬೆನ್ನಿಗೆ ಒಪ್ಪುವ ಬ್ಯಾಗನ್ನು ಆರಿಸಲು ವಯಸ್ಸೂ ಎತ್ತರವೂ ಸಾಲವು. ನೋಡಬೇಕಾದ್ದು ಬೆನ್ನಿನ ಉದ್ದವನ್ನು, ಎಂದರೆ ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನವರೆಗಿನ ಅಳತೆಯನ್ನು. ಅಣ್ಣನಿಗೆ ಚಿಕ್ಕದಾದ ಬ್ಯಾಗು ತಮ್ಮನ ಪಾಲಿಗೆ ಬರುವುದು ಮನೆಮನೆಯ ರೂಢಿಯಾದರೂ, ಅದು ತಮ್ಮನ ಬೆನ್ನಿಗಿಂತ ಉದ್ದವಿದ್ದರೆ ಸೊಂಟದ ಪಟ್ಟಿ ತೊಡೆಯ ಮೇಲೆ ಬಂದು ಕೂರುತ್ತದೆ, ಇಡೀ ಭಾರ ಭುಜಕ್ಕೆ ಬೀಳುತ್ತದೆ.

ಪಟ್ಟಿಯನ್ನು ಯಾರು ಬರೆಯಬೇಕು?

ಮೊದಲ ಸಲ ನೀವು ಬರೆಯಿರಿ, ಎರಡನೆಯ ಸಲ ಜೊತೆಗೆ ಕುಳಿತು ಬರೆಯಿರಿ, ಮೂರನೆಯ ಸಲ ಮಕ್ಕಳು ಬರೆದದ್ದನ್ನು ಓದಿ ನೋಡಿ. ಪಟ್ಟಿ ದೇಹದ ಕ್ರಮದಲ್ಲಿದ್ದರೆ ನೆನಪಿಡುವುದು ಸುಲಭ: ತಲೆಗೆ ಟೋಪಿ, ಮೈಗೆ ಅಂಗಿ ಮತ್ತು ಸ್ವೆಟರ್, ಕಾಲಿಗೆ ಪ್ಯಾಂಟು, ಪಾದಕ್ಕೆ ಸಾಕ್ಸ್ ಮತ್ತು ಚಪ್ಪಲಿ. ಆಮೇಲೆ ಮಲಗಲು ಬೇಕಾದದ್ದು, ಉಣ್ಣಲು ಬೇಕಾದದ್ದು, ಕತ್ತಲಿಗೆ ಬೇಕಾದದ್ದು. ಓದಲು ಬಾರದ ಮಗು ಕೂಡ ನೆತ್ತಿಯಿಂದ ಪಾದದವರೆಗೆ ಕೈ ಮುಟ್ಟಿಕೊಳ್ಳುತ್ತಾ ಈ ಪಟ್ಟಿಯನ್ನು ಒಪ್ಪಿಸುತ್ತದೆ.

ಬರೆಯುವಾಗ ಸಂಖ್ಯೆ ಸ್ಪಷ್ಟವಾಗಿರಲಿ. ನಮ್ಮ ಮನೆಯ ಮೊದಲ ಪಟ್ಟಿಯಲ್ಲಿ ನಾನು ‘ಸಾಕ್ಸ್ 2’ ಎಂದು ಬರೆದಿದ್ದೆ. ಚಿಕ್ಕವನು ಪ್ರಾಮಾಣಿಕವಾಗಿ ಎರಡು ಸಾಕ್ಸ್ ಇಟ್ಟುಕೊಂಡಿದ್ದ, ಒಂದು ನೀಲಿ, ಒಂದು ಬೂದು. ತಪ್ಪು ಅವನದಾಗಿರಲಿಲ್ಲ. ಅಂದಿನಿಂದ ‘2 ಜೊತೆ’ ಎಂದೇ ಬರೆಯುತ್ತಿದ್ದೇನೆ. ಹಾಗೆಯೇ ‘ಬೆಚ್ಚನೆಯ ಬಟ್ಟೆ’ ಎಂಬ ಪದವನ್ನು ಪಟ್ಟಿಯಿಂದ ದೂರವಿಡಿ. ಯಾವುದು ಬೆಚ್ಚಗೆ ಎಂಬುದು ಮಧ್ಯಾಹ್ನದ ಬಿಸಿಲಿನಲ್ಲಿ ಬ್ಯಾಗು ತುಂಬುತ್ತಿರುವ ಮಗುವಿಗೆ ತಿಳಿಯುವುದಿಲ್ಲ. ಹೆಸರಿಟ್ಟು ಬರೆಯಿರಿ: ಕೆಂಪು ಸ್ವೆಟರ್, ಕಿವಿ ಮುಚ್ಚುವ ಟೋಪಿ.

ಯಾವ ವಸ್ತು ಬ್ಯಾಗಿನಲ್ಲಿ ಎಲ್ಲಿರಬೇಕು ಎಂಬುದನ್ನು ಹೇಗೆ ವಿವರಿಸುವುದು?

ಮಕ್ಕಳಿಗೆ ಹೇಳಲು ಒಂದೇ ಪ್ರಶ್ನೆ ಸಾಕು: ‘ಇದು ಯಾವಾಗ ಬೇಕಾಗುತ್ತದೆ?’ ರಾತ್ರಿ ಮಲಗುವಾಗ ಮಾತ್ರ ಬೇಕಾಗುವ ಸ್ಲೀಪಿಂಗ್ ಬ್ಯಾಗು ಮತ್ತು ಮಲಗುವ ಬಟ್ಟೆ ತಳಕ್ಕೆ ಹೋಗುತ್ತವೆ. ದಾರಿಯಲ್ಲಿ ಯಾವ ಗಳಿಗೆಯಲ್ಲಾದರೂ ಬೇಕಾಗಬಹುದಾದ ರೇನ್‌ಕೋಟು ಎಲ್ಲಕ್ಕಿಂತ ಮೇಲೆ. ನೀರಿನ ಬಾಟಲಿ ಪಕ್ಕದ ಜೇಬಿಗೆ. ಇದರ ಜೊತೆಗೆ ತೂಕದ ನಿಯಮವೊಂದಿದೆ: ಭಾರವಾದದ್ದು ಬೆನ್ನಿಗೆ ತಾಗಿ, ಬ್ಯಾಗಿನ ಮಧ್ಯದ ಎತ್ತರದಲ್ಲಿರಬೇಕು. ಭಾರ ಬೆನ್ನಿನಿಂದ ದೂರವಾದಷ್ಟೂ ಅದು ದೇಹವನ್ನು ಹಿಂದಕ್ಕೆ ಎಳೆಯುತ್ತದೆ, ಮಗು ಮುಂದಕ್ಕೆ ಬಾಗಿ ನಡೆಯತೊಡಗುತ್ತದೆ. ಬಾಯಲ್ಲಿ ಹೇಳಿದರೆ ಇದು ಮನಸ್ಸಿಗೆ ಇಳಿಯುವುದಿಲ್ಲ. ತುಂಬಿದ ನೀರಿನ ಬಾಟಲಿಯನ್ನು ಮಗುವಿನ ಕೈಗೆ ಕೊಟ್ಟು ಮೊದಲು ಎದೆಗೆ ಅವಚಿಕೊಳ್ಳಲು ಹೇಳಿ, ಆಮೇಲೆ ಕೈ ನೀಡಿ ಹಿಡಿಯಲು ಹೇಳಿ. ಅರ್ಧ ನಿಮಿಷದಲ್ಲಿ ಅರ್ಥವಾಗುತ್ತದೆ.

ಬ್ಯಾಗು ಬೆನ್ನಿಗೇರಿದ ಮೇಲೆ ಪಟ್ಟಿಗಳನ್ನು ಬಿಗಿಯುವುದಕ್ಕೂ ಕ್ರಮವಿದೆ. ಮೊದಲು ಸೊಂಟದ ಪಟ್ಟಿಯನ್ನು ಸೊಂಟದ ಮೂಳೆಯ ಮೇಲೆ ಕೂರುವಂತೆ ಬಿಗಿಯಬೇಕು, ಆಮೇಲೆ ಭುಜದ ಪಟ್ಟಿಗಳನ್ನು ಎಳೆಯಬೇಕು, ಕೊನೆಗೆ ಎದೆಯ ಪಟ್ಟಿಯನ್ನು ಉಸಿರಾಟಕ್ಕೆ ತೊಡಕಾಗದಂತೆ ಸಡಿಲವಾಗಿ ಸಿಕ್ಕಿಸಬೇಕು. ಮಕ್ಕಳು ಸಾಮಾನ್ಯವಾಗಿ ಭುಜದಿಂದ ಆರಂಭಿಸುತ್ತಾರೆ, ಸೊಂಟದ ಪಟ್ಟಿಯನ್ನು ಜೋತಾಡಲು ಬಿಡುತ್ತಾರೆ.

ಬ್ಯಾಗು ತುಂಬಿದ ಮೇಲೆ ನಾನು ಮಾಡಿಸುವ ಪರೀಕ್ಷೆ ಒಂದೇ. ಕೋಣೆಯ ದೀಪ ಆರಿಸಿ, ‘ಟಾರ್ಚ್ ತೆಗೆ’ ಎನ್ನುತ್ತೇನೆ. ತಡಕಾಡಿ ಹತ್ತು ಎಣಿಸುವಷ್ಟರಲ್ಲಿ ಕೈಗೆ ಸಿಕ್ಕರೆ ಬ್ಯಾಗು ಸರಿಯಾಗಿದೆ ಎಂದರ್ಥ; ಬಟ್ಟೆಗಳೆಲ್ಲಾ ನೆಲಕ್ಕೆ ಬಂದರೆ ಮತ್ತೆ ಜೋಡಿಸಬೇಕು. ಮಕ್ಕಳಿಗೆ ಇದು ಆಟ. ಒಮ್ಮೆ ದೊಡ್ಡವಳ ಟಾರ್ಚು ಬಟ್ಟೆಗಳ ನಡುವೆ ಒತ್ತಿ ಹೋಗಿ ಹಗಲಿಡೀ ಬ್ಯಾಗಿನೊಳಗೇ ಉರಿದು, ರಾತ್ರಿಯ ಹೊತ್ತಿಗೆ ಮಿಣುಕುಹುಳದಷ್ಟು ಬೆಳಕೂ ಉಳಿದಿರಲಿಲ್ಲ. ಈಗ ಪ್ರಯಾಣದ ಹೊತ್ತಿನಲ್ಲಿ ಸೆಲ್ಲುಗಳನ್ನು ಹೊರತೆಗೆದು ಟಾರ್ಚಿನ ಪಕ್ಕದಲ್ಲೇ ಚಿಕ್ಕ ಚೀಲದಲ್ಲಿ ಇಡುತ್ತಾಳೆ, ಕತ್ತಲಲ್ಲೂ ಹಾಕಿಕೊಳ್ಳಲು ಅಭ್ಯಾಸ ಮಾಡಿಕೊಂಡಿದ್ದಾಳೆ.

ಎಷ್ಟು ಜೊತೆ ಬಟ್ಟೆ ಬೇಕು?

ಮಕ್ಕಳು ಊಹಿಸುವುದಕ್ಕಿಂತ ಕಡಿಮೆ, ಆದರೆ ಸಾಕ್ಸ್ ಮಾತ್ರ ಊಹಿಸುವುದಕ್ಕಿಂತ ಹೆಚ್ಚು. ಎರಡು ರಾತ್ರಿಯ ಕ್ಯಾಂಪಿಂಗ್‌ಗೆ ತೊಟ್ಟದ್ದಲ್ಲದೆ ಇನ್ನೊಂದು ಜೊತೆ ಬಟ್ಟೆ, ಮಲಗಲು ಒಂದು ಒಣ ಜೊತೆ, ಎರಡು ಜೊತೆ ಸಾಕ್ಸ್, ಒಳ ಉಡುಪು ದಿನಕ್ಕೊಂದು. ಒದ್ದೆ ಸಾಕ್ಸಿನಲ್ಲಿ ನಡೆದರೆ ಚರ್ಮ ಮೆತ್ತಗಾಗಿ ಉಜ್ಜಿಕೊಂಡು ಬೊಬ್ಬೆ ಏಳುತ್ತದೆ. ಬೊಬ್ಬೆ ಎದ್ದ ಮಗುವನ್ನು ಹೊತ್ತು ತರಬೇಕಾದವರು ನೀವು.

ಬಟ್ಟೆಯ ಜಾತಿಯನ್ನೂ ಮಕ್ಕಳಿಗೆ ತೋರಿಸಿಕೊಡಬಹುದು. ಹತ್ತಿಯ ಅಂಗಿಯೊಂದನ್ನೂ ಆಟಕ್ಕೆ ಹಾಕುವ ಪಾಲಿಯೆಸ್ಟರ್ ಅಂಗಿಯೊಂದನ್ನೂ ಒಟ್ಟಿಗೆ ನೆನೆಸಿ, ಹಿಂಡಿ, ಪಕ್ಕಪಕ್ಕದಲ್ಲಿ ಹರವಿ, ಗಂಟೆಗೊಮ್ಮೆ ಮುಟ್ಟಿ ನೋಡಲು ಹೇಳಿ. ಹತ್ತಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಒದ್ದೆಯಾದಾಗ ಮೈಯ ಬಿಸಿಯನ್ನು ಕಾಯುವುದಿಲ್ಲ. ಉಣ್ಣೆ ಒದ್ದೆಯಾದರೂ ಒಂದಿಷ್ಟು ಬೆಚ್ಚಗಿರುತ್ತದೆ. ಬೆಟ್ಟದ ಮೇಲೆ ಟೆಂಟು ಹಾಕುವುದಾದರೆ ಇನ್ನೊಂದು ಲೆಕ್ಕವನ್ನೂ ಹೇಳಿಕೊಡಿ: ಸರಾಸರಿ 1,000 ಮೀಟರ್ ಮೇಲೇರಿದರೆ ತಾಪಮಾನ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಮನೆಯಲ್ಲಿ ಬೆವರುತ್ತಾ ಸ್ವೆಟರ್ ಮಡಚಿಡುವ ಕೈಗೆ ಈ ಲೆಕ್ಕ ಬೇಕಾಗುತ್ತದೆ.

ಮಳೆ ಬಂದರೆ ಬ್ಯಾಗಿನೊಳಗಿನದು ಒದ್ದೆಯಾಗದಂತೆ ಮಾಡುವುದು ಹೇಗೆ?

ಬ್ಯಾಗಿನ ಮೇಲೆ ಹೊದಿಸುವ ಮಳೆಕವಚವೊಂದನ್ನೇ ನಂಬಬೇಡಿ. ಬೆನ್ನಿನ ಕಡೆ ಅದು ತೆರೆದೇ ಇರುತ್ತದೆ, ನೀರು ಬೆನ್ನಿನ ಮೂಲಕ ಇಳಿದು ಒಳಗೆ ಸೇರುತ್ತದೆ. ದಪ್ಪನೆಯ ದೊಡ್ಡ ಪ್ಲಾಸ್ಟಿಕ್ ಚೀಲವೊಂದನ್ನು ಬ್ಯಾಗಿನೊಳಗೆ ಮೊದಲೇ ಇಳಿಬಿಟ್ಟು, ಎಲ್ಲವನ್ನೂ ಅದರೊಳಗೆ ತುಂಬಿ ಬಾಯಿಯನ್ನು ತಿರುಚಿ ಮಡಚಿಟ್ಟರೆ ಸಾಕು. ಅತಿ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಆ ಚೀಲ ಆಟದ ವಸ್ತುವಾಗದಂತೆ ಕಣ್ಣಿಟ್ಟಿರಬೇಕು, ತಲೆಗೆ ಹಾಕಿಕೊಂಡರೆ ಉಸಿರು ಕಟ್ಟುವ ಅಪಾಯವಿದೆ.

ಅಕ್ಕ ತಮ್ಮನ ಬ್ಯಾಗನ್ನೂ ತಾನೇ ತುಂಬಿಬಿಡುತ್ತಾಳೆ. ತಡೆಯಬೇಕೇ?

ತಡೆಯಬೇಕು, ಆದರೆ ಅವಳ ಅಕ್ಕರೆಗೆ ಪೆಟ್ಟು ಬೀಳದಂತೆ. ತಮ್ಮ ನಿಧಾನ, ಅವಳು ಚುರುಕು. ತಾನೇ ಮಾಡಿದರೆ ಬೇಗ ಮುಗಿಯುತ್ತದೆ ಎಂಬುದು ಅವಳ ಲೆಕ್ಕ, ನಮ್ಮ ಲೆಕ್ಕವೂ ಇಷ್ಟು ದಿನ ಅದೇ ಆಗಿತ್ತಲ್ಲವೇ? ನಮ್ಮ ಮನೆಯಲ್ಲಿ ಇದಕ್ಕೊಂದು ಕಟ್ಟಳೆ ಇದೆ: ಬಾಯಿ ಹಾಕಬಹುದು, ಕೈ ಹಾಕಬಾರದು. ಅಕ್ಕ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಾಳೆ, ತಮ್ಮ ಒಂದೊಂದೇ ವಸ್ತುವನ್ನು ಎತ್ತಿ ತೋರಿಸುತ್ತಾನೆ. ಆಮೇಲೆ ಪಾತ್ರ ಅದಲು ಬದಲು. ತಮ್ಮ ಓದುತ್ತಾನೆ, ಅಕ್ಕ ತೋರಿಸಬೇಕು. ಎರಡನೆಯ ಭಾಗವನ್ನು ಬಿಡಲೇಬಾರದು. ಚಿಕ್ಕವರು ದೊಡ್ಡವರ ಬ್ಯಾಗಿನಲ್ಲಿ ಲೋಪ ಹಿಡಿಯಲು ತೋರುವ ಶ್ರದ್ಧೆಯ ಕಾಲುಭಾಗವನ್ನೂ ತಮ್ಮ ಬ್ಯಾಗಿಗೆ ತೋರುವುದಿಲ್ಲ, ಹಾಗಾಗಿ ದೊಡ್ಡವಳು ಏನನ್ನಾದರೂ ಮರೆತಿದ್ದರೆ ಅದು ಖಂಡಿತ ಹೊರಬೀಳುತ್ತದೆ.

ಯಾರು ಮೊದಲು ಮುಗಿಸುತ್ತಾರೆ ಎಂಬ ಪಂದ್ಯ ಮಾತ್ರ ಬೇಡ. ಅವಸರದಲ್ಲಿ ತುರುಕಿದ ಬ್ಯಾಗು ಟೆಂಟಿನಲ್ಲಿ ಕಷ್ಟ ಕೊಡುತ್ತದೆ, ಸೋತ ಮಗುವಿಗೆ ಬ್ಯಾಗು ತುಂಬುವ ಕೆಲಸವೇ ಬೇಸರವಾಗುತ್ತದೆ. ‘ಅಕ್ಕನನ್ನು ನೋಡಿ ಕಲಿ’ ಎಂಬ ಮಾತೂ ಅಷ್ಟೇ.

ಎಲ್ಲರಿಗೂ ಸೇರಿದ ವಸ್ತುಗಳನ್ನು ಮಕ್ಕಳಲ್ಲಿ ಹೇಗೆ ಹಂಚುವುದು?

ಎಣಿಸಿ ಹಂಚಿದರೆ ಜಗಳ, ತೂಗಿ ಹಂಚಿದರೆ ನ್ಯಾಯ. ತಟ್ಟೆ ಲೋಟಗಳು, ಹಗ್ಗ, ಇಸ್ಪೀಟು ಎಲೆಗಳ ಕಟ್ಟು, ಟೆಂಟಿನ ಗೂಟಗಳು ಇತ್ಯಾದಿಗಳನ್ನು ನೆಲದ ಮೇಲೆ ಹರಡಿ, ಪ್ರತಿಯೊಬ್ಬರ ಮಿತಿಯಲ್ಲಿ ಇನ್ನೂ ಎಷ್ಟು ತೂಕ ಬಾಕಿ ಇದೆಯೋ ಅಷ್ಟನ್ನು ಅವರೇ ಆರಿಸಿಕೊಳ್ಳಲಿ. ಚಿಕ್ಕವನಿಗೂ ಇಡೀ ಕುಟುಂಬಕ್ಕೆ ಬೇಕಾದ ಒಂದು ವಸ್ತು ಸಿಗಲೇಬೇಕು, ಅದು ಚಮಚಗಳ ಕಟ್ಟಾದರೂ ಸರಿ. ಅವನು ಬ್ಯಾಗು ಬಿಚ್ಚಿದ ಹೊರತು ಯಾರೂ ಊಟಕ್ಕೆ ಕೂರುವಂತಿಲ್ಲ ಎಂಬುದು ಅವನಿಗೆ ಸಣ್ಣ ಸಂಗತಿಯಲ್ಲ.

ಮಗು ಏನನ್ನಾದರೂ ಮರೆತಿದ್ದು ಕಂಡರೆ ಗುಟ್ಟಾಗಿ ಸೇರಿಸಿಬಿಡಬಹುದೇ?

ಅತಿ ಹೆಚ್ಚು ಪೋಷಕರು ಎಡವುವುದು ಇಲ್ಲಿಯೇ, ನಾನೂ ಎಡವಿದ್ದೇನೆ. ಗುಟ್ಟಾಗಿ ಸೇರಿಸಿದಿರಿ ಎನ್ನಿ: ಮಗುವಿಗೆ ತಾನು ಮರೆತದ್ದೇ ತಿಳಿಯುವುದಿಲ್ಲ, ಮುಂದಿನ ಸಲವೂ ಅದನ್ನೇ ಮರೆಯುತ್ತದೆ, ಯಾವತ್ತೋ ಒಂದು ದಿನ ನಿಮ್ಮ ಗುಟ್ಟು ತಿಳಿದರೆ, ‘ಹೇಗೂ ಅಮ್ಮ ಹಾಕುತ್ತಾಳೆ’ ಎಂದು ನಿಶ್ಚಿಂತೆಯಿಂದಿರುತ್ತದೆ. ಹಾಗೆಂದು ಎಲ್ಲವನ್ನೂ ಮರೆಯಲು ಬಿಡುವುದೂ ತರವಲ್ಲ. ಹೊರಡುವ ಮೊದಲೇ ವಸ್ತುಗಳನ್ನು ಎರಡು ಗುಂಪು ಮಾಡಿಕೊಳ್ಳಿ. ಮರೆತರೆ ಬೇಸರವಷ್ಟೇ ಆಗುವಂಥವು ಒಂದು ಗುಂಪು: ಪುಸ್ತಕ, ಬಾಚಣಿಗೆ, ಹೆಚ್ಚುವರಿ ಅಂಗಿ, ಮೆಚ್ಚಿನ ಲೋಟ. ಮರೆತರೆ ಆರೋಗ್ಯಕ್ಕೆ ಕುತ್ತು ಬರುವಂಥವು ಇನ್ನೊಂದು: ರೇನ್‌ಕೋಟು, ಸ್ವೆಟರ್, ಮಲಗುವ ಒಣಬಟ್ಟೆ, ಸ್ಲೀಪಿಂಗ್ ಬ್ಯಾಗು, ನೀರಿನ ಬಾಟಲಿ, ಟಾರ್ಚು, ಸೀಟಿ.

ಎರಡನೆಯ ಗುಂಪನ್ನು ನೀವು ಪರಿಶೀಲಿಸುತ್ತೀರಿ ಎಂಬುದನ್ನು ಮಕ್ಕಳಿಗೆ ಮುಂಚೆಯೇ ತಿಳಿಸಿ, ಅವರ ಎದುರೇ ಪರಿಶೀಲಿಸಿ, ಇಲ್ಲದಿದ್ದರೆ ಅವರಿಂದಲೇ ತರಿಸಿ. ಮೊದಲ ಗುಂಪಿನ ಗೊಡವೆಗೆ ಹೋಗಬೇಡಿ. ಬಾಗಿಲ ಬಳಿ ನಿಂತಾಗ ಮೇಜಿನ ಮೇಲೆ ಉಳಿದುಹೋದ ಕಥೆಪುಸ್ತಕ ನಿಮ್ಮ ಕಣ್ಣಿಗೆ ಬೀಳುತ್ತದೆ, ಕೈ ತಾನಾಗಿಯೇ ಅತ್ತ ಚಾಚುತ್ತದೆ. ಬಿಟ್ಟುಬಿಡಿ. ಅಲ್ಲಿ ಹೋದ ಮೇಲೆ ‘ನಾನು ಆವಾಗಲೇ ನೋಡಿದ್ದೆ’ ಎಂದು ಹೇಳುವುದನ್ನೂ ಬಿಟ್ಟುಬಿಡಿ. ತಂಗಿಯ ಪುಸ್ತಕವನ್ನು ಕೇಳಿ ಪಡೆಯುವುದೋ, ಕಲ್ಲು ಕಡ್ಡಿಗಳಲ್ಲಿ ಆಟ ಕಟ್ಟಿಕೊಳ್ಳುವುದೋ, ಮಗು ಹೇಗೋ ದಾರಿ ಕಂಡುಕೊಳ್ಳುತ್ತದೆ.

ಮಕ್ಕಳ ಬ್ಯಾಗಿನಲ್ಲಿ ಇರಬಾರದ ವಸ್ತುಗಳು ಯಾವುವು?

ಬೆಂಕಿಪೊಟ್ಟಣ, ಲೈಟರ್, ಒಲೆಯ ಇಂಧನ, ಚಾಕು, ಔಷಧಿಗಳು, ಸೊಳ್ಳೆ ನಿವಾರಕ ದ್ರಾವಣ ಇವೆಲ್ಲಾ ದೊಡ್ಡವರ ಬ್ಯಾಗಿನಲ್ಲಿರಬೇಕು. ಆಸ್ತಮಾ ಇರುವ ಮಗುವಿನ ಇನ್‌ಹೇಲರ್ ಇದಕ್ಕೆ ಹೊರತು. ಅದು ಮಗುವಿನ ಕೈಗೆ ಕೂಡಲೇ ಸಿಗುವ ಜೇಬಿನಲ್ಲಿರಬೇಕು, ಇನ್ನೊಂದು ನಿಮ್ಮ ಬಳಿಯಿರಬೇಕು, ಎರಡೂ ಎಲ್ಲಿವೆ ಎಂಬುದು ಒಡಹುಟ್ಟಿದವರಿಗೂ ಗೊತ್ತಿರಬೇಕು. ತಿಂಡಿಯನ್ನು ಹಗಲಲ್ಲಿ ಮಕ್ಕಳೇ ಹೊರಬಹುದು, ಆದರೆ ಕತ್ತಲಾಗುವ ಮುನ್ನ ಅದನ್ನೂ ಅದರ ಕಾಗದಗಳನ್ನೂ ಹೊರತೆಗೆದು ಉಳಿದ ಆಹಾರದ ಜೊತೆ ಭದ್ರಪಡಿಸಬೇಕು; ಬ್ಯಾಗಿನಲ್ಲಿ ಉಳಿದ ಬಿಸ್ಕತ್ತಿನ ವಾಸನೆಗೆ ಇರುವೆ, ಇಲಿಗಳಿಂದ ಹಿಡಿದು ದೊಡ್ಡ ಪ್ರಾಣಿಗಳವರೆಗೆ ಯಾವುದೂ ಟೆಂಟಿಗೆ ಬರಬಹುದು.

ಸೀಟಿಯನ್ನು ಬ್ಯಾಗಿನೊಳಗೆ ಹಾಕದೆ ಭುಜದ ಪಟ್ಟಿಗೆ ಕಟ್ಟಿಸಿ. ದಾರಿ ತಪ್ಪಿದರೆ ನಿಂತಲ್ಲೇ ನಿಂತು, ಮೂರು ಸಲ ಊದಿ, ಸ್ವಲ್ಪ ತಡೆದು ಮತ್ತೆ ಮೂರು ಸಲ ಊದಬೇಕು ಎಂದು ಹೇಳಿಕೊಡಿ. ಮೂರರ ಸಂಕೇತವನ್ನು ನೆರವಿನ ಕರೆ ಎಂದು ಹಲವು ದೇಶಗಳಲ್ಲಿ ಗುರುತಿಸುತ್ತಾರೆ. ಸುಮ್ಮನೆ ಊದಿದರೆ ಅದರ ಬೆಲೆ ಹೋಗುತ್ತದೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿ.

ಆಟಿಕೆ ತರಬಹುದೇ?

ಒಂದು ತರಬಹುದು. ಅದರ ತೂಕವೂ ಲೆಕ್ಕಕ್ಕೆ ಸೇರುತ್ತದೆ.

ಎಷ್ಟು ದಿನ ಮೊದಲು ತುಂಬಲು ಹೇಳಬೇಕು?

ಎರಡು ದಿನ ಮೊದಲು ವಸ್ತುಗಳನ್ನು ಹಾಸಿಗೆಯ ಮೇಲೆ ಹರಡಿಸಿ, ಹಿಂದಿನ ದಿನ ಬೆಳಕಿರುವಾಗಲೇ ತುಂಬಿಸಿ. ಹರಿದ ಸಾಕ್ಸು, ಕೆಟ್ಟ ಜಿಪ್ಪು, ಚಿಕ್ಕದಾದ ರೇನ್‌ಕೋಟು ಕಾಣುವುದು ಹರಡಿದಾಗ. ಆಗ ಸರಿಪಡಿಸಲು ಒಂದು ದಿನ ಕೈಯಲ್ಲಿರುತ್ತದೆ.

ಒಬ್ಬ ಮಗ ‘ನಾನು ತುಂಬುವುದಿಲ್ಲ’ ಎಂದು ಹಟ ಹಿಡಿದರೆ?

ಹಟದ ಹಿಂದೆ ಸಾಮಾನ್ಯವಾಗಿ ಸೋಮಾರಿತನಕ್ಕಿಂತ ಗಾಬರಿ ಹೆಚ್ಚಿರುತ್ತದೆ: ಇಪ್ಪತ್ತು ವಸ್ತುಗಳ ಪಟ್ಟಿಯನ್ನು ಕಂಡಾಗ ಎಲ್ಲಿಂದ ಆರಂಭಿಸಬೇಕೆಂದು ತೋಚುವುದಿಲ್ಲ. ಪಟ್ಟಿಯನ್ನು ಮಡಚಿ ಮೊದಲ ನಾಲ್ಕು ಸಾಲುಗಳನ್ನಷ್ಟೇ ತೋರಿಸಿ. ಅವು ಬಂದ ಮೇಲೆ ಇನ್ನೊಂದು ಮಡಿಕೆ ಬಿಚ್ಚಿ. ನೀವು ಪಕ್ಕದಲ್ಲೇ ಕುಳಿತು ನಿಮ್ಮ ಬ್ಯಾಗನ್ನು ತುಂಬುತ್ತಿದ್ದರೆ ಇನ್ನೂ ಒಳ್ಳೆಯದು. ಸ್ಲೀಪಿಂಗ್ ಬ್ಯಾಗನ್ನು ಅದರ ಚೀಲಕ್ಕೆ ಸೇರಿಸಲು ನೀವೂ ಒದ್ದಾಡುವುದನ್ನು ಅವನು ನೋಡಲಿ. ಅಂದಹಾಗೆ, ಅದನ್ನು ನೀಟಾಗಿ ಸುರುಳಿ ಸುತ್ತಲು ಮಕ್ಕಳಿಗೆ ಹೇಳಬೇಡಿ. ಕಾಲಿನ ಕಡೆಯಿಂದ ಹಿಡಿಹಿಡಿಯಾಗಿ ಚೀಲದೊಳಗೆ ತುರುಕಿದರೆ ಸಾಕು, ಆರು ವರ್ಷದ ಕೈಗಳೂ ಅದನ್ನು ಮಾಡಬಲ್ಲವು.

ಮನೆಗೆ ಮರಳಿದ ಮೇಲೆ ಏನು ಮಾಡಿಸಬೇಕು?

ಕಲಿಕೆಯ ಅರ್ಧಪಾಲು ನಡೆಯುವುದು ಈ ಹೊತ್ತಿನಲ್ಲಿ, ಆದರೆ ಎಲ್ಲರೂ ದಣಿದಿರುವುದರಿಂದ ಇದನ್ನೇ ಬಿಟ್ಟುಬಿಡುತ್ತೇವೆ. ಒಗೆಯುವ ಬಟ್ಟೆಗಳನ್ನು ಬಕೆಟ್ಟಿಗೆ ಹಾಕುವ ಮೊದಲು ಪ್ರತಿ ಮಗುವೂ ತನ್ನ ಬ್ಯಾಗನ್ನು ನೆಲಕ್ಕೆ ಸುರಿದು ಎರಡು ಗುಡ್ಡೆ ಮಾಡಲಿ: ಬಳಸಿದ್ದು, ಬಳಸದೇ ಇದ್ದದ್ದು. ಬೇಕಿದ್ದೂ ಇಲ್ಲದೇ ಹೋದದ್ದನ್ನು ಪಟ್ಟಿಯ ಹಿಂಬದಿಯಲ್ಲಿ ಬರೆಯಲಿ. ಬಳಸದ ಗುಡ್ಡೆಯಲ್ಲಿ ಮಳೆ ಬಾರದ ಕಾರಣ ಹೊರಬಾರದ ರೇನ್‌ಕೋಟೂ ಇರುತ್ತದೆ, ಅದನ್ನು ಪಟ್ಟಿಯಿಂದ ಹೊಡೆದುಹಾಕಬಾರದು ಎಂಬ ಚರ್ಚೆ ತಾನಾಗಿ ಹುಟ್ಟುತ್ತದೆ. ನಾಲ್ಕು ಟೀ ಶರ್ಟುಗಳ ವಿಷಯದಲ್ಲಿ ಚರ್ಚೆ ಬೇಕಾಗುವುದಿಲ್ಲ. ತಿದ್ದಿದ ಪಟ್ಟಿಯನ್ನು ಮಡಚಿ ಬ್ಯಾಗಿನ ಮೇಲಿನ ಜೇಬಿನಲ್ಲೇ ಇಟ್ಟರೆ ಮುಂದಿನ ಸಲ ಹುಡುಕುವ ಕೆಲಸವಿಲ್ಲ.

ಬ್ಯಾಗನ್ನು ತಲೆಕೆಳಗು ಮಾಡಿ ಒದರಿ, ಜಿಪ್ಪುಗಳನ್ನೆಲ್ಲಾ ತೆರೆದು ಗಾಳಿಗೆ ಇಡಬೇಕು. ಒದ್ದೆ ಇದ್ದಂತೆಯೇ ಎತ್ತಿಟ್ಟರೆ ಬೂಷ್ಟು ಹಿಡಿಯುತ್ತದೆ. ಸ್ಲೀಪಿಂಗ್ ಬ್ಯಾಗನ್ನು ಅದರ ಚಿಕ್ಕ ಚೀಲದಿಂದ ಹೊರತೆಗೆದು, ಒಣಗಿಸಿ, ದೊಡ್ಡ ಬಟ್ಟೆಚೀಲದಲ್ಲಿ ಸಡಿಲವಾಗಿ ಇಡಿ. ತಿಂಗಳುಗಟ್ಟಲೆ ಅದುಮಿಟ್ಟರೆ ಒಳಗಿನ ಹತ್ತಿಯಂಥ ಪದರ ತನ್ನ ಉಬ್ಬನ್ನು ಕಳೆದುಕೊಳ್ಳುತ್ತದೆ, ಮುಂದಿನ ಕ್ಯಾಂಪಿನ ರಾತ್ರಿ ಬೆಚ್ಚಗಿರುವುದಿಲ್ಲ. ಬ್ಯಾಗಿನ ತಳ ಒದರಿದಾಗ ಬಿದ್ದ ಬೆಣಚುಕಲ್ಲುಗಳನ್ನು ಏನು ಮಾಡಬೇಕೆಂಬುದನ್ನು, ಅವನ್ನು ಅಷ್ಟು ದೂರ ಹೊತ್ತು ತಂದವರೇ ತೀರ್ಮಾನಿಸಲಿ.